ಒಕ್ಕಲುಗಳು ಕಟ್ಟಿದ ಕಟ್ಟಗಳು

ಅಣೆಕಟ್ಟು ಎಂದೊಡನೆ ಸರಕಾರವು ಕಟ್ಟಿಸಿದ ದೊಡ್ಡ ಕಲ್ಲುಗೋಡೆಯೇ ನಮ್ಮ ಕಣ್ಣಿಗೆ ಬರುವುದುಂಟು. ಆದರೆ ಉಡುಪಿ, ಕಾರ್ಕಳ, ಕಾಪು ಸೀಮೆಗಳಲ್ಲಿ ಒಕ್ಕಲುಗಳು ತಾವೇ ಕೂಡಿ, ಸ್ವಂತ ಖರ್ಚಿನಿಂದ ತೋಡುಗಳಿಗೆ ವರ್ಷವರ್ಷವೂ ಅಡ್ಡ ಕಟ್ಟುತ್ತಿದ್ದ ಒಡ್ಡುಗಳಿದ್ದವು. ಅವುಗಳಿಗೆ ಕಟ್ಟವೆಂದೇ ಹೆಸರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಾದರೂ ಅಜ್ಜಿಮನೆಯ ಕಟ್ಟದ ನೀರಿನಲ್ಲಿ ಮಿಂದವರಿರಬಹುದು.

ಮಳೆಗಾಲ ಕಳೆದು ತೋಡಿನ ಹರಿವು ಕುಗ್ಗಿದ ಮೇಲೆ, ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿ, ಕೆಲಸಕ್ಕೆ ತೊಡಗುವರು. ಕಲ್ಲು, ಮರದ ಕಂಬ, ಅಡಕೆಮರದ ಸೀಳುಗಳಿಂದ ಎರಡು ಸಾಲು ನಿಲ್ಲಿಸಿ, ನಡುವೆ ಜಿಗುಟು ಮಣ್ಣನ್ನೂ ಸೊಪ್ಪನ್ನೂ ತುಂಬಿ ತುಳಿಯುವರು. ಹೆಚ್ಚಾದ ನೀರು ಮೇಲಿನಿಂದ ಹರಿದುಹೋಗುವುದು. ಮುಂದಿನ ಮಳೆಗೆ ಕಟ್ಟವು ಕೊಚ್ಚಿಹೋಗುವುದು, ಇಲ್ಲವೆ ಮುಂಚೆಯೇ ಬಿಡಿಸುವರು. ಬೈಲುಗದ್ದೆಗಳಲ್ಲಿ ಏಣೇಲಿನ ಬಳಿಕ ಸುಗ್ಗಿಯೂ, ಅದರ ಮೇಲೆ ಕೊಳಕೆಯೂ ಬೆಳೆದದ್ದು ಈ ನೀರಿನಿಂದ.

ಕಣ್ಣಿಗೆ ಕಾಣುವ ನೀರು ಇದರ ಲಾಭದಲ್ಲಿ ಚಿಕ್ಕ ಪಾಲು. ನಮ್ಮ ನೆಲದ ಮುರಕಲ್ಲು ತೂತುತೂತಾದದ್ದು; ನಿಂತ ನೀರು ಎರಡು ದಡಗಳಿಗೂ ಇಂಗಿ ಸುತ್ತಣ ಬಾವಿಗಳಿಗೆ ಒಸರುವುದು. ಒಂದು ಕಟ್ಟದ ಹಿನ್ನೀರು ಮೇಲಿನ ಕಟ್ಟದ ಬುಡವನ್ನು ಮುಟ್ಟುವಂತೆ ಸಾಲಾಗಿ ಕಟ್ಟಿದರಂತೂ ತೋಡಿನುದ್ದಕ್ಕೂ ನೆಲ ತಣಿಯುವುದು. ಆದುದರಿಂದ ಒಬ್ಬನು ಕಟ್ಟಿದ್ದು ನೆರೆಯವನ ಬಾವಿಗೂ ಆಯಿತು.

ಈ ಪದ್ಧತಿ ಯಾಕೆ ಕುಂದಿತು? ಹಿಂದೆ ಗುತ್ತಿನ ಮನೆಯಿಂದ ಹೇಳಿಕೆ ಹೋದರೆ ಒಕ್ಕಲುಗಳು ಬರಲೇಬೇಕಿತ್ತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿದಾರರಿಗೆ ಭೂಮಿ ಸಿಕ್ಕಿತು. ಇದು ನ್ಯಾಯವೇ ಸರಿ. ಆದರೆ ಕರೆಯುವವರು ಯಾರೆಂಬ ಪ್ರಶ್ನೆ ಉಳಿಯಿತು. ಪಂಪುಗಳೂ ಕೊಳವೆಬಾವಿಗಳೂ ಬಂದ ಮೇಲೆ ಒಬ್ಬರನ್ನೊಬ್ಬರು ಕರೆಯುವ ಅಗತ್ಯವೂ ಕಾಣಲಿಲ್ಲ. ಬೇಸಾಯವನ್ನೇ ಬಿಟ್ಟ ಗದ್ದೆಗಳು ಎಷ್ಟೋ.

ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರು ಮಳೆ ಬೀಳುವ ಜಿಲ್ಲೆ ನಮ್ಮದು. ಆದರೂ 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ಉಡುಪಿ ಮಣಿಪಾಲಗಳ ಮನೆಗಳಿಗೆ ನಳ್ಳಿನೀರನ್ನು ಸರದಿಯ ಮೇಲೆ ಬಿಡಬೇಕಾಯಿತು. ಕಟ್ಟಗಳಿಂದಲೇ ಪಟ್ಟಣದ ದಾಹ ತೀರೀತೆಂದು ನಾವು ಹೇಳಲಾರೆವು. ಹಳ್ಳಿಯ ಬಾವಿಯ ಮಾತು ಬೇರೆ. ಕಾಸರಗೋಡಿನ ಏತಡ್ಕದಲ್ಲಿ ಕೃಷಿಕರು ಒಂದೇ ತೋಡಿಗೆ ಸಾಲುಕಟ್ಟಗಳನ್ನು ಕಟ್ಟಿ ಹೆಸರಾಗಿದ್ದಾರೆ. ಅಡಕೆಮರದ ಸೀಳಿನ ಬದಲು ಮರಳು ತುಂಬಿದ ಚೀಲಗಳನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ಬಳಸಿದರೆ ಕೆಲಸ ಹಗುರ. ನಾಲ್ಕಾರು ಮನೆಯವರು ಒಂದೆರಡು ದಿನ ಸೇರಿದರೆ ಸಣ್ಣ ತೋಡಿಗೆ ಸಾಕು.