ಮನೆಯ ರೋಗಿಯ ಆರೈಕೆ, ತೋಟದ ವರಮಾನ ಮತ್ತು ಸರ್ಕಾರದ ನೆರವು

ಸೊಕ್ಕೆ ಕಡೆಯ ಸದಸ್ಯರೊಬ್ಬರು ಕಳೆದ ತಿಂಗಳು ಸಂಘದ ಕಚೇರಿಗೆ ಬಂದಿದ್ದರು. ಕೊಳವೆ ಬಾವಿಯ ನೀರು ನಂಬಿ ಎರಡೂವರೆ ಎಕರೆ ಅಡಿಕೆ ಮಾಡಿಕೊಂಡವರು. ಅವರ ತಾಯಿಗೆ ಪಾರ್ಕಿನ್ಸನ್ಸ್, ಅಂದರೆ ಕೈಕಾಲು ನಡುಗಿ ಮೈ ಬಿಗಿಯುವ ಕಾಯಿಲೆ. ಊಟ ಮಾಡಿಸುವುದರಿಂದ ಹಿಡಿದು ರಾತ್ರಿ ಮಗ್ಗುಲು ಬದಲಿಸುವವರೆಗೆ ಎಲ್ಲವೂ ಸೊಸೆಯ ಪಾಲಿನದು. ಹಿಂದೆಲ್ಲ ಅಡಿಕೆ ಸುಲಿಯಲು ಕೂರುತ್ತಿದ್ದ ಆಕೆ ಈಗ ಕಣದ ಕಡೆ ಬರುವಂತಿಲ್ಲ. ಆ ಕೆಲಸಕ್ಕೂ ಕೂಲಿಯವರನ್ನೇ ಕರೆಯಬೇಕು. ಈ ಖರ್ಚು ಸರಿದೂಗಿಸಲು ಅಕ್ಕಪಕ್ಕದ ತೋಟಗಳ ಖೇಣಿ ಹಿಡಿದು, ಕಾಯಿ ಬೇಯಿಸಿ ಒಣಗಿಸಿ ಮಾರುವ ಯೋಚನೆ ಅವರದು. "ಜಿಎಸ್‌ಟಿ ನಂಬರ್ ಮಾಡಿಸಿಕೊ ಅಂತ ಎಲ್ಲರೂ ಹೇಳ್ತಾರೆ, ಮಾಡಿಸ್ಲೇನ್ರೀ ಸಾರ್?" ಎಂದು ಕೇಳಿದರು.

ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ಉತ್ತರ ಹೇಳುವ ಮೊದಲು ಆ ಮನೆಗೆ ಬರುವ ಮತ್ತು ಬರಬಹುದಾದ ನೆರವುಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆಯಬೇಕಾಯಿತು. ಇಂಥ ಮನೆಗಳು ನಮ್ಮ ಸದಸ್ಯರಲ್ಲಿ ಇನ್ನೂ ಹಲವು ಇರುವುದರಿಂದ ಅದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಮೊದಲನೆಯದು ಗೃಹಲಕ್ಷ್ಮಿ. 2023ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಹೆಸರಿರುವವರಿಗೆ ತಿಂಗಳಿಗೆ 2,000 ರೂ. ನಿಗದಿಯಾಗಿದೆ. ಈ ಮನೆಯಲ್ಲಿ ಅದು ನಮ್ಮ ಸದಸ್ಯರ ಹೆಂಡತಿಯ ಹೆಸರು. ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ ಈ ಹಣ ಇಲ್ಲ. ವ್ಯಾಪಾರದಲ್ಲಿ ಲಾಭ ಬಂತೋ ನಷ್ಟವಾಯಿತೋ ಎಂದು ಯಾರೂ ಕೇಳುವುದಿಲ್ಲ. ಗಂಡನ ಹೆಸರಿನ ಒಂದು ನಂಬರಿನಿಂದ ಹೆಂಡತಿಗೆ ವರ್ಷಕ್ಕೆ 24,000 ರೂ. ತಪ್ಪಿಹೋಗುತ್ತದೆ. ಕಿಸಾನ್ ಸಮ್ಮಾನ್ ಯೋಜನೆಯ 6,000 ರೂ.ಗಳ ವಿಷಯ ಬೇರೆ. ಅಲ್ಲಿ ಹಿಂದಿನ ಸಾಲಿನಲ್ಲಿ ಆದಾಯ ತೆರಿಗೆ ಕಟ್ಟಿದವರನ್ನು ಬಿಟ್ಟಿದ್ದಾರೆಯೇ ಹೊರತು ಜಿಎಸ್‌ಟಿಯ ಮಾತಿಲ್ಲ. ಎರಡನ್ನೂ ಕಲಸಿ ಹೇಳುವವರು ಬಹಳ ಮಂದಿ.

ಹಾಗಾದರೆ ಆ ನಂಬರು ಬೇಕೇ? ತನ್ನ ತೋಟದ ಬೆಳೆಯನ್ನು ಮಾರುವ ಕೃಷಿಕನಿಗೆ 2017ರ ಜಿಎಸ್‌ಟಿ ಕಾಯ್ದೆಯ 23ನೇ ಕಲಮಿನಂತೆ ನೋಂದಣಿ ಬೇಡ. ಕೂಲಿಯಾಳುಗಳನ್ನಿಟ್ಟು ತನ್ನ ಮೇಲ್ವಿಚಾರಣೆಯಲ್ಲಿ ಬೆಳೆದರೂ ಆತ ಕೃಷಿಕನೇ. ಪರರ ಫಸಲನ್ನು ಕೊಂಡು ಮಾರಿದರೆ ಅದು ವ್ಯಾಪಾರ. ಖೇಣಿಯ ಲಾಭವೂ ಕೃಷಿ ವರಮಾನವಲ್ಲ. ಆದರೆ ರಾಜ್ಯದೊಳಗೇ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂ. ಮೀರಿದ ಮೇಲಷ್ಟೇ ನೋಂದಣಿ ಕಡ್ಡಾಯ. ಕ್ವಿಂಟಲ್ಲಿಗೆ 50,000 ರೂ. ಹಿಡಿದರೆ ಅದು 80 ಕ್ವಿಂಟಲ್ ಆಯಿತು. ನಮ್ಮ ಸದಸ್ಯರು ಯೋಚಿಸಿದ್ದ ಖೇಣಿ ಇದರ ಕಾಲು ಭಾಗವೂ ಇಲ್ಲ. ಮಾಲನ್ನು ಹೊರರಾಜ್ಯಕ್ಕೆ ತಾವೇ ಕಳಿಸುವವರಿಗೆ ಮಾತ್ರ ಈ ಮಿತಿ ಅನ್ವಯಿಸದು. ಮಿತಿ ಮೀರಿದವರು ನೋಂದಣಿ ಮಾಡಿಸಲೇಬೇಕು. ಅದನ್ನು ತಪ್ಪಿಸುವ ಉಪಾಯ ಹೇಳಲು ನಾವು ಈ ಲೇಖನ ಬರೆಯುತ್ತಿಲ್ಲ. "ಮುಂದೆ ಸಾಲಕ್ಕೆ ಅನುಕೂಲವಾದೀತು" ಎಂದು ಯಾರೋ ಹೇಳಿದ ಮಾತಿಗೆ ನಂಬರು ಮಾಡಿಸಿಕೊಂಡು ಸುಮ್ಮನಿರುವವರ ಬಗ್ಗೆ ನಮ್ಮ ಚಿಂತೆ. ಅಂಥವರು ನೋಂದಣಿ ರದ್ದತಿಗೆ ಅರ್ಜಿ ಹಾಕಿ, ಕೊನೆಯ ರಿಟರ್ನ್ ಸಲ್ಲಿಸಿ ಮುಗಿಸಬೇಕು. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರೂ ಗಮನಿಸಬೇಕಾದ ಸಂಗತಿ ಒಂದುಂಟು: ತಮ್ಮದೇ ಕಾಫಿಯನ್ನು ಹುರಿದು ಪುಡಿ ಮಾಡಿ ಮಾರಿದರೆ ಆ ವರಮಾನದ ಒಂದು ಪಾಲು ವ್ಯಾಪಾರದ ಲೆಕ್ಕಕ್ಕೆ ಹೋಗುತ್ತದೆ.

ಇನ್ನು ಆರೈಕೆಯ ನೆರವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಅಂಗವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿ, ಪಾರ್ಕಿನ್ಸನ್ಸ್ ಕೂಡ ಅದರಲ್ಲಿ ಸೇರಿತು. ಹೆಚ್ಚಿನ ಆಸರೆ ಬೇಕಾದವರ ಆರೈಕೆಗೆಂದು ಭತ್ಯೆ ಕೊಡುವ ಮಾತೂ ಅದೇ ಕಾಯ್ದೆಯ 24ನೇ ಕಲಮಿನಲ್ಲಿದೆ. ನಮ್ಮ ರಾಜ್ಯದ 2024-25ರ ಬಜೆಟ್ಟಿನಲ್ಲಿ ಮೆದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಪಾರ್ಕಿನ್ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂ. ಪ್ರಕಟಿಸಲಾಯಿತು. ಇಲ್ಲಿ ಮೆದುಳಿನ ಪಾರ್ಶ್ವವಾಯು ಎಂದರೆ ಮಕ್ಕಳಿಗೆ ಎಳವೆಯಲ್ಲೇ ಬರುವಂಥದ್ದು; ವಯಸ್ಸಾದವರಿಗೆ ಲಕ್ವ ಹೊಡೆಯುವುದಲ್ಲ. ಲಕ್ವದಿಂದ ಮಲಗಿದವರಿಗೆ ಅಂಗವಿಕಲ ವೇತನದ ದಾರಿಯಿದೆ.

ಆ ವೇತನಕ್ಕೂ ಸಂಧ್ಯಾ ಸುರಕ್ಷಾಕ್ಕೂ ವರಮಾನದ ಮಿತಿಯಿದೆ. ಒಬ್ಬರಿಗೆ ಎರಡೂ ಸಿಗುವುದಿಲ್ಲ. ಸಂಧ್ಯಾ ಸುರಕ್ಷಾದಲ್ಲಿ ಅರ್ಜಿದಾರರ ಮತ್ತು ಅವರ ಸಂಗಾತಿಯ ವರಮಾನವನ್ನು ಕೂಡಿಸಿ ನೋಡುತ್ತಾರೆ. ಆದುದರಿಂದ ಪಹಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ದುಡಿಮೆಗೂ ಆರೈಕೆಯ ನೆರವಿಗೂ ಇರುವ ಈ ತಿಕ್ಕಾಟ ನಮ್ಮಲ್ಲಷ್ಟೇ ಇಲ್ಲ. ಬ್ರಿಟನ್ನಿನಲ್ಲಿ ಆರೈಕೆದಾರರ ಭತ್ಯೆ 1976ರಲ್ಲೇ ಬಂತು. ಆದರೆ ಮದುವೆಯಾದ ಹೆಂಗಸರಿಗೆ ಅದನ್ನು ಕೊಡಲಿಲ್ಲ. ಅವರು ಹೇಗೂ ಮನೆಯಲ್ಲೇ ಇರುವವರಲ್ಲವೇ ಎಂಬ ವಾದ! ತಾಯಿಯ ಆರೈಕೆಗಾಗಿ ಕೆಲಸ ಬಿಟ್ಟ ಜಾಕ್ವೆಲಿನ್ ಡ್ರೇಕ್ ಎಂಬ ಮಹಿಳೆ ಯೂರೋಪಿನ ನ್ಯಾಯಾಲಯದಲ್ಲಿ 1986ರಲ್ಲಿ ಗೆದ್ದ ಮೇಲೆ ಆ ಭೇದ ಹೋಯಿತು. ಅಲ್ಲಿಯೂ ಗಳಿಕೆಗೆ ಮಿತಿಯಿದ್ದು, 2025ರ ಏಪ್ರಿಲ್‌ನಲ್ಲಿ ಅದನ್ನು ವಾರಕ್ಕೆ 151 ಪೌಂಡಿನಿಂದ 196ಕ್ಕೆ ಏರಿಸಿದರು. ಮಿತಿಯನ್ನು ಒಂದು ಪೌಂಡು ದಾಟಿದರೂ ಆ ವಾರದ ಇಡೀ ಭತ್ಯೆ ಹೋಗುತ್ತದೆ. ಆದರೆ ಸ್ವಂತ ಕಸುಬಿನವರಿಗೂ ಖರ್ಚು ಕಳೆದು ಉಳಿದದ್ದನ್ನೇ ಗಳಿಕೆಯೆಂದು ಹಿಡಿಯುತ್ತಾರೆ. ನಮ್ಮ ಗೃಹಲಕ್ಷ್ಮಿಯಲ್ಲಿ ಅಷ್ಟು ಕೂಡ ಇಲ್ಲದಿರುವುದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ.

ಆರೈಕೆಯ ಹಣಕ್ಕೆ ಮೂಲ ಕಾಗದ ರೋಗಿಯ ಹೆಸರಿನ ಯುಡಿಐಡಿ ಕಾರ್ಡು. ಅದಕ್ಕೆ ಅರ್ಜಿ ಹಾಕಿದ ಮೇಲೆ ವೈದ್ಯರ ತಪಾಸಣೆ ಆಗಬೇಕು. ಹಳೆಯ ಚೀಟಿ, ಔಷಧಿಯ ಬಿಲ್ಲುಗಳನ್ನು ಎಸೆಯದೆ ಒಯ್ಯಿರಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುವುದು ಇದಕ್ಕಾಗಿಯೇ. ಖೇಣಿ ಮಾಡುವವರು ಸ್ವಂತ ತೋಟದ ಅಡಿಕೆಯ ಲೆಕ್ಕವನ್ನೂ ಕೊಂಡ ಅಡಿಕೆಯ ಲೆಕ್ಕವನ್ನೂ ಬೇರೆ ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಒಂದೇ ಚೀಲಕ್ಕೆ ತುಂಬಿ ಒಂದೇ ಬಿಲ್ಲು ಮಾಡಿಸಿದರೆ ಆಮೇಲೆ ಬಿಡಿಸಲು ನಮ್ಮಿಂದಲೂ ಆಗದು.

ನಮ್ಮ ಸದಸ್ಯರು ನಂಬರು ಮಾಡಿಸಲಿಲ್ಲ. ಒಂದೇ ತೋಟದ ಖೇಣಿ ಹಿಡಿದಿದ್ದಾರೆ. ತಾಯಿಯ ಯುಡಿಐಡಿ ಕಾರ್ಡಿಗೆ ಅರ್ಜಿ ಹೋಗಿದೆ. ತಪಾಸಣೆಯ ದಿನಕ್ಕಾಗಿ ಕಾಯುತ್ತಿದ್ದಾರೆ.