ಬಿಸಿಲೆಯ ತಂತಿಗೆ ಕಿವಿಗೊಟ್ಟಾಗ

ಹೆಸರಿನಲ್ಲಿ ಬಿಸಿಲನ್ನು ಹೊತ್ತುಕೊಂಡು, ಮಳೆಗಾಲದ ತಿಂಗಳುಗಳಲ್ಲಿ ಬಿಸಿಲಿನ ಮುಖವನ್ನೇ ಕಾಣದ ಊರೊಂದು ಸಕಲೇಶಪುರದ ಸೀಮೆಯಲ್ಲಿದೆ. ಅದೇ ಬಿಸಿಲೆ. ಹೆತ್ತೂರನ್ನು ದಾಟಿ ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಾಟಿಯ ನೆತ್ತಿಯಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ, ಕೆಳಗೆ ಕಣ್ಣು ಹರಿಯುವವರೆಗೂ ಕಾಡು. ಪ್ರವಾಸಿಗೆ ಇದು ಸ್ವರ್ಗ. ದೂರವಾಣಿಯ ತಂತಿಗೆ ಮಾತ್ರ ಇದು ಸ್ವರ್ಗವಲ್ಲ.

2025ರ ಸೆಪ್ಟೆಂಬರ್ 30ರಂದು ಅಮೆರಿಕದ ಎ.ಓ.ಎಲ್. ಸಂಸ್ಥೆಯು ತನ್ನ ಡಯಲ್-ಅಪ್ ಸೇವೆಗೆ ಮಂಗಳ ಹಾಡಿತೆಂಬ ಸುದ್ದಿಯನ್ನು ಓದಿದಾಗ ನನಗೆ ನೆನಪಾದುದು 2002ರ ಮಳೆಗಾಲ ಮತ್ತು ಬಿಸಿಲೆಯ ಸಮೀಪದಲ್ಲಿದ್ದ ದೊಡ್ಡಪ್ಪನವರ ತೋಟದ ಮನೆ. ಕಾಫಿಯ ಮಾರಾಟದ ಮೇಲಿದ್ದ ಮಂಡಳಿಯ ಹಿಡಿತ 1996ರಲ್ಲಿ ಪೂರ್ತಿಯಾಗಿ ಕಳಚಿದ ಮೇಲೆ ಬೆಳೆಗಾರನೇ ಪೇಟೆಯ ಧಾರಣೆಯನ್ನು ನೋಡಿಕೊಂಡು ಮಾರಬೇಕಾಗಿದ್ದಿತು. ಲಂಡನ್ನಿನಲ್ಲಿ ರೊಬಸ್ಟಾ ಏನಾಯಿತು, ನ್ಯೂಯಾರ್ಕಿನಲ್ಲಿ ಅರೇಬಿಕಾ ಏನಾಯಿತು ಎಂಬುದು ತಿಳಿಯದಿದ್ದರೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ಬೆಲೆ. ಆ ವರ್ಷಗಳಲ್ಲಂತೂ ಜಗತ್ತಿನಾದ್ಯಂತ ಕಾಫಿಯ ಬೆಲೆ ಪಾತಾಳಕ್ಕೆ ಇಳಿದಿದ್ದಿತು. ಹೀಗಾಗಿ ದೊಡ್ಡಪ್ಪನವರು ಗಣಕಯಂತ್ರವನ್ನು ಕೊಂಡರು.

ದೊಡ್ಡಮ್ಮನ ಆಸೆ ಬೇರೆ. ಅಮೆರಿಕದಲ್ಲಿದ್ದ ಮಗನಿಗೆ ಆ ಜೂನ್ ತಿಂಗಳಿನಲ್ಲಿ ಗಂಡುಮಗುವಾಗಿದ್ದಿತು. ಮಗುವಿನ ಭಾವಚಿತ್ರ ಇ-ಮೇಲಿನಲ್ಲಿ ಬಂದು ಕಾದಿದ್ದಿತು. ಸಂಜೆ ದೀಪ ಬಂದೊಡನೆ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತುಕೊಳ್ಳುವರು. ಚಿತ್ರವು ಮೇಲಿನಿಂದ ಗೆರೆಗೆರೆಯಾಗಿ ಇಳಿಯುವುದು. ಮೊದಲು ಕುಲಾವಿ ಕಾಣುವುದು, ಆಮೇಲೆ ಹಣೆ. ಹುಬ್ಬು ಮೂಡುವ ಹೊತ್ತಿಗೆ ಸಂಪರ್ಕ ಕಡಿದುಹೋಗುವುದು! ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಐದು ಸಂಜೆಗಳು ಹೀಗೆಯೇ ಕಳೆದಿದ್ದವು. “ಕಣ್ಣು ಯಾರ ಹಾಗಿದೆಯೋ ನೋಡಬೇಕಪ್ಪಾ” ಎಂದು ದೊಡ್ಡಮ್ಮ ನನ್ನೊಡನೆ ಹೇಳಿದರು. ಪೇಟೆಯಲ್ಲಿ ಗಣಕವನ್ನು ಬಳಸುತ್ತಿದ್ದವನೆಂಬ ಒಂದೇ ಅರ್ಹತೆಯ ಮೇಲೆ ನಾನು ವೈದ್ಯನಾದೆ.

ಇಂದಿನ ಮಕ್ಕಳಿಗೆ ಈ ರೋಗದ ಪರಿಚಯವಿರಲಾರದು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತುದು 1995ರ ಆಗಸ್ಟ್ 15ರಂದು. ಅಂದಿನಿಂದ ಬಹುಕಾಲ ಮನೆಗಳಿಗೆ ಅದು ಬಂದುದು ಮಾತನಾಡುವ ದೂರವಾಣಿಯ ತಂತಿಯ ಮೂಲಕವೇ. ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆಯು ಗಣಕದ ಭಾಷೆಯನ್ನು ಸ್ವರಗಳಾಗಿ ಮಾಡಿ ತಂತಿಯ ಮೇಲೆ ಹಾಡುತ್ತಿದ್ದಿತು. ಆ ತಂತಿಯೋ ಮನುಷ್ಯನ ಮಾತಿಗೆಂದು ಹಾಕಿದುದು. ಸೆಕೆಂಡಿಗೆ ಸುಮಾರು 300ರಿಂದ 3,400 ಕಂಪನಗಳವರೆಗಿನ ಸ್ವರಕ್ಕೆ ಮಾತ್ರ ಅದರಲ್ಲಿ ಎಡೆ. ಕರೆ ತಗುಲಿದೊಡನೆ ಕೇಳುತ್ತಿದ್ದ ಆ ಕೀಚಲು ಸಿಳ್ಳೆ ವ್ಯರ್ಥವಾದ ಗದ್ದಲವಲ್ಲ. ಎರಡು ತುದಿಯ ಮೋಡೆಮ್‌ಗಳು ತಂತಿಯನ್ನು ಪರೀಕ್ಷಿಸಿ, ಎಷ್ಟು ವೇಗದಲ್ಲಿ ಮಾತನಾಡಬಹುದೆಂದು ಒಪ್ಪಂದ ಮಾಡಿಕೊಳ್ಳುತ್ತಿದ್ದುದು ಆಗಲೇ. ಪೆಟ್ಟಿಗೆಯ ಮೇಲೆ 56 ಕಿಲೋಬಿಟ್ ಎಂದು ಅಚ್ಚಾಗಿದ್ದರೂ ನಮ್ಮ ಹಳ್ಳಿಗಳಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ.

ಮೊದಲ ಸಂಜೆ ನಾನೇ ಮೋಸಹೋದೆ. ಪರದೆಯ ಮೂಲೆಯಲ್ಲಿ 1,15,200 ಎಂದು ತೋರಿಸುತ್ತಿದ್ದಿತು. ಇಷ್ಟು ವೇಗವಿದ್ದೂ ಚಿತ್ರವೇಕೆ ಇಳಿಯದು? ಆಮೇಲೆ ತಿಳಿಯಿತು, ಅದು ಗಣಕಕ್ಕೂ ಪಕ್ಕದಲ್ಲಿದ್ದ ಮೋಡೆಮಿಗೂ ನಡುವಣ ಗೇಣುದ್ದದ ದಾರಿಯ ವೇಗ. ಹೊರಗಿನ ತಂತಿಯ ನಿಜವಾದ ವೇಗವನ್ನು ಮೋಡೆಮಿನ ದಾಖಲೆಯಲ್ಲಿ ಹುಡುಕಿದಾಗ ಸಿಕ್ಕಿದ ಅಂಕೆ 14,400. ಚಿತ್ರದ ಗಾತ್ರ ಸುಮಾರು 300 ಕಿಲೋಬೈಟ್. ಲೆಕ್ಕದ ಪ್ರಕಾರ ಮೂರು ನಿಮಿಷ ಸಾಕು. ಕಾಲು ಗಂಟೆಯಾದರೂ ಹುಬ್ಬೇ ಮೂಡುತ್ತಿರಲಿಲ್ಲ. ಇದರ ಗುಟ್ಟೇನೆಂದರೆ, ತಂತಿಯಲ್ಲಿ ಸದ್ದು ಸೇರಿದಾಗಲೆಲ್ಲ ಸಂದೇಶದ ಒಂದು ತುಣುಕು ಕೆಡುತ್ತದೆ, ಮೋಡೆಮ್ ಅದನ್ನು ಮತ್ತೊಮ್ಮೆ ಕೇಳಿ ಪಡೆಯುತ್ತದೆ. ಸಂತೆಯ ಗಲಾಟೆಯಲ್ಲಿ ಕಿವುಡನೊಡನೆ ವ್ಯಾಪಾರ ಮಾಡಿದಂತೆ, ಹೇಳಿದ್ದನ್ನೇ ಹೇಳುವುದರಲ್ಲಿ ಹೊತ್ತು ಕಳೆಯುತ್ತದೆ. ಬಿಲ್ಲು ಮಾತ್ರ ಗಡಿಯಾರದೊಂದಿಗೆ ಏರುತ್ತಿರುತ್ತದೆ.

ಆದುದರಿಂದ ಗಣಕವನ್ನು ಬಿಚ್ಚುವುದರಲ್ಲಿ ಅರ್ಥವಿರಲಿಲ್ಲ. ಇಲ್ಲಿ ಬೇಕಾದ ಉಪಕರಣವೆಂದರೆ ಕಿವಿ. ಸಾಮಾನ್ಯ ದೂರವಾಣಿಯ ರಿಸೀವರನ್ನೆತ್ತಿ ಯಾವುದಾದರೊಂದು ಅಂಕೆಯನ್ನು ಒತ್ತಿದರೆ ಡಯಲ್ ಟೋನ್ ನಿಂತು ಕೆಲವು ಕ್ಷಣ ಮೌನವಾಗುತ್ತದೆ. ಆ ಮೌನದಲ್ಲಿ ಏನೂ ಕೇಳಿಸಬಾರದು. ನನಗೆ ಕೇಳಿಸಿದುದು ಬಾಣಲೆಯಲ್ಲಿ ಸಾಸಿವೆ ಸಿಡಿದಂತಹ ಚಟಪಟ. ಮಲಗುವ ಮನೆಯಲ್ಲಿ ಅದೇ ತಂತಿಗೆ ಜೋಡಿಸಿದ್ದ ಎರಡನೆಯ ದೂರವಾಣಿಯನ್ನು ಕಳಚಿದೆ. ಸದ್ದು ತುಸು ತಗ್ಗಿತು, ಹೋಗಲಿಲ್ಲ. ತಂತಿಯು ಮನೆಯನ್ನು ಹೊಗುವ ಗೋಡೆಯ ಪೆಟ್ಟಿಗೆಗೇ ನೇರವಾಗಿ ದೂರವಾಣಿಯನ್ನು ಸಿಕ್ಕಿಸಿ ಕೇಳಿದೆ, ಅಲ್ಲಿಯೂ ಚಟಪಟ. ಅಂದರೆ ರೋಗವು ಮನೆಯೊಳಗಿನದಲ್ಲ, ಹೊರಗಿನದು. ಇಷ್ಟನ್ನು ಖಚಿತಪಡಿಸಿಕೊಂಡು ದೂರು ಕೊಟ್ಟರೆ ಲೈನ್‌ಮನ್ ಬರುವುದಕ್ಕೂ ಒಂದು ಅರ್ಥವಿರುತ್ತದೆ. ‘ಇಂಟರ್‌ನೆಟ್ ನಿಧಾನ’ ಎಂದರೆ ಯಾರೂ ಬರುವುದಿಲ್ಲ, ‘ಮಾತಿನಲ್ಲಿ ಸದ್ದಿದೆ’ ಎಂದರೆ ಬರುತ್ತಾರೆ. ಇದು ಅನುಭವದ ಮಾತು.

ಲೈನ್‌ಮನ್ ಬರಲು ನಾಲ್ಕು ದಿನ ಹಿಡಿಯಿತು. ಮರಗಳು ತಂತಿಯ ಮೇಲೆ ಉರುಳುವ ಕಾಲ, ಅವರನ್ನು ದೂರುವಂತಿಲ್ಲ. ಈ ನಡುವೆ ಒಂದು ಭಾನುವಾರ ಬೆಳಿಗ್ಗೆ ಅಪರೂಪಕ್ಕೆ ವಿದ್ಯುತ್ತು ಬಂದಿತು. ಕೂಡಲೇ ಕರೆ ಹಚ್ಚಿದರೆ, ಸೋಜಿಗ! 26,400. ಸಂತೋಷದಿಂದ ದೊಡ್ಡಮ್ಮನನ್ನು ಕರೆಯುವಷ್ಟರಲ್ಲಿ ವಿದ್ಯುತ್ತು ಹೋಯಿತು. ಅದೇ ಸಂಜೆ ಮತ್ತೆ 14,400. ತಂತಿ ಅದೇ, ಮಳೆಯೂ ಅದೇ. ಬೆಳಗಿಗೂ ಸಂಜೆಗೂ ಭೇದವೇಕೆ?

ಉತ್ತರವನ್ನು ಕಂಡುಹಿಡಿದವರು ದೊಡ್ಡಮ್ಮ. ರಿಸೀವರನ್ನು ಕಿವಿಗಿಟ್ಟುಕೊಂಡು, “ಸಾಸಿವೆ ಸದ್ದಿನ ಒಳಗೆ ಗಡಿಯಾರ ಇದೆಯಲ್ಲೋ” ಎಂದರು. ನಿಜ! ಚಟಪಟದ ಹಿಂದೆ ಟಕ್... ಟಕ್... ಎಂದು ಸೆಕೆಂಡಿಗೊಂದರಂತೆ ತಪ್ಪದೆ ಬಡಿಯುತ್ತಿದ್ದಿತು. ದೊಡ್ಡಪ್ಪನವರು ಕಿಟಕಿಯಾಚೆ ನೋಡಿದರು. ಸಂಜೆ ಆರಕ್ಕೆ ತೋಟದ ಸೋಲಾರ್ ಬೇಲಿಯನ್ನು ಚಾಲೂ ಮಾಡುವುದು ವಾಡಿಕೆ. ಸಕಲೇಶಪುರ, ಆಲೂರುಗಳ ಆನೆಯ ಹಾವಳಿಯನ್ನು ಬಲ್ಲವರಿಗೆ ಬೇಲಿಯ ವಿಚಾರ ಹೊಸದಲ್ಲ. ಪ್ರಾಣಕ್ಕೆ ಅಪಾಯವಾಗದಂತೆ, ಆದರೆ ಆನೆಯೂ ಹಿಮ್ಮೆಟ್ಟುವಂತೆ, ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತವನ್ನು ಅದು ತಂತಿಗೆ ಕೊಡುತ್ತದೆ. ನಮ್ಮ ದೂರವಾಣಿಯ ತಂತಿಯೋ, ಕಂಬವೊಂದು ಬಿದ್ದಾಗ ಯಾರೋ ಅನುಕೂಲಕ್ಕೆಂದು ಬೇಲಿಯ ಪಕ್ಕದಲ್ಲೇ ಎಳೆದಿದ್ದುದು. ಒಂದರ ಹೊಡೆತ ಮುಟ್ಟದೆಯೇ ಇನ್ನೊಂದರಲ್ಲಿ ಮಿಡಿಯುತ್ತಿದ್ದಿತು.

“ಹಾಗಾದರೆ ಹತ್ತು ನಿಮಿಷ ಬೇಲಿಯನ್ನು ನಿಲ್ಲಿಸಿಬಿಡೋಣ” ಎಂದೆ ನಾನು. ದೊಡ್ಡಪ್ಪನವರು ಏಳುವುದರಲ್ಲಿದ್ದರು. ದೊಡ್ಡಮ್ಮ ಬೇಡವೆಂದರು. ಬೇಲಿಯ ಈಚೆಗೇ ಆಳುಗಳ ಲೈನು ಮನೆಗಳು. ಎರಡು ದಿನದ ಹಿಂದೆಯಷ್ಟೆ ಹಳ್ಳದ ಬಳಿ ಲದ್ದಿ ಕಂಡಿದ್ದಿತು. “ಅಲ್ಲೂ ಕೂಸುಗಳಿವೆ. ನಮ್ಮದನ್ನು ನಾಳೆ ನೋಡಿದರಾಯಿತು” ಎಂದು ಎದ್ದು ಅಡಿಗೆಮನೆಗೆ ಹೋದರು. ನನಗೆ ಮಾತು ಹೊರಡಲಿಲ್ಲ.

ಲೈನ್‌ಮನ್ ಬಂದವರು ಜಾಣರು. ತಂತಿಯ ಜಾಡು ಹಿಡಿದು ನಡೆದು, ಒಂದು ಸಿಲ್ವರ್ ಓಕ್ ಮರದ ಬಳಿ ನಿಂತರು. ಅಲ್ಲಿ ಬಟ್ಟೆಯ ಟೇಪು ಸುತ್ತಿದ ಹಳೆಯ ಬೆಸುಗೆ. ಬಿಚ್ಚಿದರೆ ಒಳಗೆ ನೀರು, ತಾಮ್ರಕ್ಕೆ ಹಸಿರು ಕಿಲುಬು. ಚಟಪಟದ ಮೂಲ ಅದೇ. ಅವರು ಇನ್ನೊಂದನ್ನೂ ವಿವರಿಸಿದರು: ದೂರವಾಣಿಗೆ ಬರುವುದು ಜೋಡಿ ತಂತಿ. ಎರಡೂ ಸಮನಾಗಿದ್ದರೆ ಹೊರಗಿನ ಸದ್ದು ಎರಡರ ಮೇಲೂ ಒಂದೇ ತೆರನಾಗಿ ಬಿದ್ದು ಪರಸ್ಪರ ವಜಾ ಆಗುತ್ತದೆ. ಒಂದರಲ್ಲಿ ಕಿಲುಬು ಹಿಡಿದು ಸಮತೂಕ ತಪ್ಪಿತೋ, ಬೇಲಿಯ ಟಕ್ ಟಕ್ ಕಿವಿಯೊಳಗೇ ಬಂದು ಕೂರುತ್ತದೆ. ಎರಡು ರೋಗಗಳೆಂದು ನಾನು ಭಾವಿಸಿದ್ದುದು ಒಂದಕ್ಕೊಂದು ಹೆಣೆದುಕೊಂಡಿದ್ದವು. ಕಿಲುಬು ಹಿಡಿದ ಭಾಗವನ್ನು ಕತ್ತರಿಸಿ, ಹೊಸ ತಂತಿಯನ್ನು ಸೇರಿಸಿ, ನೀರು ಹೊಗದಂತೆ ಮುಚ್ಚಿದರು. ತಂತಿಯನ್ನು ಬೇಲಿಯ ಪಕ್ಕದಿಂದ ಬಿಡಿಸಿ, ಒಂದೇ ಕಡೆ ಅಡ್ಡಲಾಗಿ ದಾಟುವಂತೆ ತಿರುಗಿಸಿದರು. ಬೇಲಿಗೆ ತಾಗುತ್ತಿದ್ದ ಲಂಟಾನವನ್ನು ದೊಡ್ಡಪ್ಪನವರು ಸವರಿಸಿದರು. (ತಾಮ್ರದ ತಂತಿಯ ಮೇಲೆ ಬ್ರಾಡ್‌ಬ್ಯಾಂಡ್ ಪಡೆದಿರುವ ಮನೆಗಳವರು ಇಂದಿಗೂ ಈ ಕಿವಿಯ ಪರೀಕ್ಷೆಯನ್ನು ಮಾಡಿ ನೋಡಬಹುದು.)

ಆ ಸಂಜೆ ಬೇಲಿ ನಡೆಯುತ್ತಲೇ ಇದ್ದಿತು, ಮಳೆಯೂ ಸುರಿಯುತ್ತಲೇ ಇದ್ದಿತು. ಮೋಡೆಮಿನ ದಾಖಲೆಯಲ್ಲಿ 28,800. ಕುಲಾವಿ ಬಂತು, ಹಣೆ ಬಂತು, ಹುಬ್ಬು ಬಂತು. ಎರಡು ನಿಮಿಷ ತುಂಬುವುದರೊಳಗೆ ಇಡೀ ಮುಖ ಪರದೆಯ ಮೇಲಿದ್ದಿತು. ಮಗು ಕಣ್ಣು ಮುಚ್ಚಿಕೊಂಡು ನಿದ್ರಿಸುತ್ತಿದ್ದಿತು.

ದೊಡ್ಡಮ್ಮ ನಕ್ಕರು. “ಕಣ್ಣು ಬಿಟ್ಟದ್ದು ಇನ್ನೊಂದು ಕಳಿಸು ಅಂತ ಬರೆ” ಎಂದರು.