ಮಳೆಗಾಲದಲ್ಲೂ ಹರಿಯದ ಕಾಗದದ ಜಾಲರಿ: ಮನೆಯಲ್ಲೇ ಡೈ-ಕಟ್ ಗ್ರೀಟಿಂಗ್ ಕಾರ್ಡ್ ಮಾಡುವುದು ಹೇಗೆ?

ಲಂಡನ್ನಿನ ಹೆನ್ರಿ ಕೋಲ್ 1843ರಲ್ಲಿ ಕ್ರಿಸ್‌ಮಸ್ ಕಾರ್ಡ್ ಮುದ್ರಿಸಿದ್ದು ಸಮಯ ಉಳಿಸಲು. ಎಲ್ಲರಿಗೂ ಪತ್ರ ಬರೆಯಲು ಅವರಿಗೆ ಪುರುಸೊತ್ತು ಇರಲಿಲ್ಲ. ಇಂದು ಸಮಯ ಉಳಿಸಲು ವಾಟ್ಸ್‌ಆ್ಯಪ್ ಇದೆ. ಹಾಗಾಗಿ ಈಗ ಕಾರ್ಡ್‌ಗೆ ಬೆಲೆ ಬರುವುದು ಅದಕ್ಕಾಗಿ ವ್ಯಯಿಸಿದ ಸಮಯದಿಂದಲೇ. ಕಸೂತಿಯಂತೆ ಸೂಕ್ಷ್ಮವಾಗಿ ಕಾಗದ ಕತ್ತರಿಸಿ ಮಾಡುವ ಡೈ-ಕಟ್ ಕಾರ್ಡ್‌ಗಳು ಇದಕ್ಕೆ ಒಳ್ಳೆಯ ಉದಾಹರಣೆ.

ಆದರೆ ಕೊಚ್ಚಿ, ತಿರುವನಂತಪುರದಂಥ ಕಡಲತೀರದ ನಗರಗಳಲ್ಲಿ ಈ ಕೆಲಸಕ್ಕೆ ಒಂದು ತೊಡಕಿದೆ. ಓಣಂ ಬರುವುದು ಮುಂಗಾರಿನ ನಡುವೆ. ಕ್ರಿಸ್‌ಮಸ್ ಕಾರ್ಡ್ ತಯಾರಿಸಬೇಕಾದ ಅಕ್ಟೋಬರ್-ನವೆಂಬರ್‌ನಲ್ಲಿ ತುಲಾವರ್ಷ, ಅಂದರೆ ಹಿಂಗಾರು ಮಳೆ. ಬೇಡಿಕೆಯ ಎರಡೂ ಹೊತ್ತಿನಲ್ಲಿ ಗಾಳಿಯಲ್ಲಿ ತೇವ ತುಂಬಿರುತ್ತದೆ. ಕಾಸರಗೋಡು, ಮಂಗಳೂರು, ಉಡುಪಿಯವರಿಗೂ ಇದು ಹೊಸದಲ್ಲ.

ಡೈ-ಕಟ್ ಎಂದರೇನು?

ಲಟ್ಟಿಸಿದ ಹಿಟ್ಟಿನ ಮೇಲೆ ಬಟ್ಟಲು ಒತ್ತಿ ಒಂದೇ ಅಳತೆಯ ಪೂರಿ ಕತ್ತರಿಸುತ್ತೇವಲ್ಲ, ತತ್ವ ಅದೇ. ಇಲ್ಲಿ ಬಟ್ಟಲಿನ ಜಾಗದಲ್ಲಿ ಹರಿತ ಅಂಚಿನ ತೆಳು ಉಕ್ಕಿನ ಅಚ್ಚು ಇರುತ್ತದೆ. ಅಚ್ಚು ಮತ್ತು ಕಾಗದವನ್ನು ಎರಡು ಪ್ಲಾಸ್ಟಿಕ್ ಫಲಕಗಳ ನಡುವೆ ಇಟ್ಟು, ಕೈಯಿಂದ ತಿರುಗಿಸುವ ರೋಲರ್ ಯಂತ್ರದಲ್ಲಿ ಹಾಯಿಸಲಾಗುತ್ತದೆ. ಕ್ರಿಕಟ್, ಸಿಲೂಯೆಟ್‌ನಂಥ ಯಂತ್ರಗಳಿಗೆ ಅಚ್ಚು ಬೇಡ. ಕಂಪ್ಯೂಟರ್‌ನಲ್ಲಿ ಬಿಡಿಸಿದ ಗೆರೆಯನ್ನು ಪುಟ್ಟ ಬ್ಲೇಡ್ ಅನುಸರಿಸುತ್ತದೆ.

ತೇವ ಏನು ಮಾಡುತ್ತದೆ?

ಕಾಗದ ಎಂದರೆ ನಾರುಗಳ ಹೆಣಿಗೆ. ಅದು ಗಾಳಿಯ ತೇವ ಹೀರಿ ಉಬ್ಬುತ್ತದೆ, ಮಳೆಗಾಲದ ಹಪ್ಪಳದಂತೆ ಮೆತ್ತಗಾಗುತ್ತದೆ. ಅಂಥ ಕಾಗದದ ಮೇಲೆ ಅಚ್ಚು ಬಿದ್ದರೆ ನಾರು ಪಟ್ಟನೆ ತುಂಡಾಗದೆ ಎಳೆದುಕೊಳ್ಳುತ್ತದೆ. ಅಂಚಿನಲ್ಲಿ ಎಳೆ ಎದ್ದು, ತೆಳು ಗೆರೆಗಳು ಬಿಡಿಸುವಾಗಲೇ ಹರಿಯುತ್ತವೆ. ಯಂತ್ರ ಕೆಟ್ಟಿದೆ ಎಂದು ಹಲವರು ಭಾವಿಸುತ್ತಾರೆ. ತಪ್ಪು ಎಷ್ಟೋ ಸಲ ಕಾಗದದ್ದು.

ಪರಿಹಾರ ಸರಳ. ಕಾಗದವನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಬೇಕಾದಷ್ಟೇ ಹಾಳೆ ಹೊರತೆಗೆಯಿರಿ. ಮೆತ್ತಗಾಗಿದ್ದರೆ ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಹಬೆ ಇಲ್ಲದ ಇಸ್ತ್ರಿಯನ್ನು ಹಗುರವಾಗಿ ಆಡಿಸಿ.

ವಿನ್ಯಾಸದಲ್ಲಿ 'ಸೇತುವೆ' ಇರಲಿ

ಫೋರ್ಟ್ ಕೊಚ್ಚಿಯ ಚೀನೀ ಬಲೆ ಕಾರ್ಡ್‌ಗೆ ಚೆಂದದ ಚಿತ್ರ, ಆದರೆ ಕತ್ತರಿಸಲು ಕಷ್ಟ. ಬಲೆಯ ಗೆರೆಗಳು ಕೂದಲೆಳೆಯಂತಿದ್ದರೆ ಉಳಿಯುವುದಿಲ್ಲ. ಹೊಸಬರು ಗೆರೆಯನ್ನು ಕನಿಷ್ಠ 1 ಮಿ.ಮೀ. ದಪ್ಪ ಇಟ್ಟುಕೊಳ್ಳುವುದು ಕ್ಷೇಮ. ಸುತ್ತಲೂ ಕತ್ತರಿಸಿದ ಆಕಾರ ಉದುರಿಹೋಗುತ್ತದೆ. ಅದನ್ನು ಹಿಡಿದಿಡಲು ಅಲ್ಲಲ್ಲಿ ಕಿರು ಪಟ್ಟಿ, ಅಂದರೆ ಸೇತುವೆ ಬಿಡಬೇಕು. ಮಥುರಾದ ಸಾಂಝಿ ಕಲೆಯಲ್ಲಿ ಕತ್ತರಿಯಿಂದ ಕೊರೆಯುವ ಕಾಗದದ ಅಚ್ಚುಗಳು ನಿಂತಿರುವುದೂ ಇದೇ ಉಪಾಯದ ಮೇಲೆ.

ಕತ್ತರಿಸುವ ಕ್ರಮ

* ಕಾರ್ಡ್‌ನ ತಳಕ್ಕೆ 250 ಜಿಎಸ್‌ಎಂ ಕಾಗದ, ಜಾಲರಿಗೆ ಅದಕ್ಕಿಂತ ತೆಳುವಾದ, ನಯವಾದ ಕಾಗದ ಬಳಸಿ.
* ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗುವ ದಿಕ್ಕಿನಲ್ಲೇ ಮಡಚಿದರೆ ಮಡಿಕೆ ಬಿರಿಯುವುದಿಲ್ಲ.
* ಅಚ್ಚು ಮತ್ತು ಕಾಗದದ ನಡುವೆ ಮೇಣದ ಕಾಗದ ಇಡಿ. ಜಾಲರಿ ಅಂಟಿಕೊಳ್ಳದೆ ಬಿಡಿಸಿಕೊಳ್ಳುತ್ತದೆ.
* ಒಂದೇ ಸಲಕ್ಕೆ ಪೂರ್ತಿ ಕತ್ತರಿಸದಿದ್ದರೆ ಬಲ ಹಾಕಬೇಡಿ. ಅಚ್ಚಿನ ದಿಕ್ಕು ಬದಲಿಸಿ ಮತ್ತೆ ಹಾಯಿಸಿ. ಒಂದು ಭಾಗ ಮಾತ್ರ ಉಳಿದರೆ, ಆ ಜಾಗದ ಮೇಲೆ ಹೆಚ್ಚುವರಿ ಕಾಗದದ ತುಂಡು ಇಟ್ಟರೆ ಒತ್ತಡ ಸಮವಾಗುತ್ತದೆ.

ಅಂಟು ಮತ್ತು ಅಂಚೆ

ಬಿಳಿ ಅಂಟಿನಲ್ಲಿ ನೀರಿರುವುದರಿಂದ ತೆಳು ಜಾಲರಿ ಸುರುಟಿಕೊಳ್ಳುತ್ತದೆ. ಕತ್ತರಿಸುವ ಮೊದಲೇ ಕಾಗದದ ಹಿಂಬದಿಗೆ ಎರಡು ಬದಿಯ ಅಂಟುಹಾಳೆ ಹಚ್ಚಿದರೆ ಈ ತಲೆನೋವಿಲ್ಲ. ಜಾಲರಿ ಕತ್ತರಿಸಿದಾಗ ಅಂಟೂ ಅದೇ ಆಕಾರಕ್ಕೆ ಬಂದಿರುತ್ತದೆ.

ಅಂಚೆಯಲ್ಲಿ ಕಳಿಸುವುದಾದರೆ ತೂಕ ನೋಡಿ. ಸಾಮಾನ್ಯ ಪತ್ರಕ್ಕೆ ದರದ ಲೆಕ್ಕ ಪ್ರತಿ 20 ಗ್ರಾಂಗೆ. 250 ಜಿಎಸ್‌ಎಂನ ಪೂರ್ತಿ ಎ4 ಹಾಳೆಯೇ ಸುಮಾರು 15.5 ಗ್ರಾಂ ತೂಗುತ್ತದೆ. ಅಲಂಕಾರ, ಲಕೋಟೆ ಸೇರಿದರೆ ಮಿತಿ ದಾಟಬಹುದು. ಅರ್ಧ ಹಾಳೆಯನ್ನು ಮಡಚಿದ ಕಾರ್ಡ್‌ನ ತಳ 8 ಗ್ರಾಂ ಮೀರುವುದಿಲ್ಲ.

ಮಾರುವ ಯೋಚನೆ ಇದ್ದರೆ

ಮನೆಯಿಂದಲೇ ಕಾರ್ಡ್ ಮಾರುವ ಮಹಿಳೆಯರು ಬೆಲೆ ಕಟ್ಟುವಾಗ ಕಾಗದದ ಖರ್ಚನ್ನಷ್ಟೇ ಸೇರಿಸಿ ನಷ್ಟ ಮಾಡಿಕೊಳ್ಳುವುದುಂಟು. ಹರಿದು ಹಾಳಾದ ಹಾಳೆಗಳು, ಜಾಲರಿಯ ತೂತುಗಳಿಂದ ಚೂರು ತೆಗೆಯಲು ಹಿಡಿದ ಹೊತ್ತು, ಯಂತ್ರದ ಸವಕಳಿ ಎಲ್ಲವೂ ಲೆಕ್ಕಕ್ಕೆ ಬರಬೇಕು. ಮೊದಲು ಹತ್ತು ಕಾರ್ಡ್ ಮಾಡಿ, ಎಷ್ಟು ಗಂಟೆ ಹಿಡಿಯಿತು, ಎಷ್ಟು ಹಾಳೆ ಹಾಳಾಯಿತು ಎಂದು ಬರೆದಿಡಿ. ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲೇ ಈ ಲೆಕ್ಕ ಹಾಕಿ. ಆರ್ಡರ್ ಬರುವುದು ಆಗಲೇ.